ಕಟ್ಟುವ ಕ್ರಮವನ್ನು ಯಾರು ಓದಬಲ್ಲರು? ಪೋಸ್ಟ್‌ಗ್ರೆಸ್ ಬಿಲ್ಡ್ ವ್ಯವಸ್ಥೆಯ ನವೀಕರಣ



ಮುಕ್ತ ತಂತ್ರಾಂಶದ ಮಾತು ಬಂದಾಗಲೆಲ್ಲ ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ ಎಂಬುದನ್ನು ನಾವು ಮೊದಲು ಹೇಳುತ್ತೇವೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮಾತು ನಿಜವೇ. ಆದರೆ ನಾವು ಓದುವ ಕೋಡಿಗೂ ಯಂತ್ರದಲ್ಲಿ ಓಡುವ ಪ್ರೋಗ್ರಾಮಿಗೂ ನಡುವೆ ಉದ್ದನೆಯ ದಾರಿಯೊಂದಿದೆ. ಸಾವಿರಾರು ಕಡತಗಳಲ್ಲಿ ಯಾವುದನ್ನು ಮೊದಲು ಕಂಪೈಲ್ ಮಾಡಬೇಕು, ಯಾವುದಕ್ಕೆ ಯಾವ ಲೈಬ್ರರಿ ಜೋಡಿಸಬೇಕು, ಈ ಯಂತ್ರದಲ್ಲಿರುವ ಸೌಲಭ್ಯ ಆ ಯಂತ್ರದಲ್ಲಿ ಇಲ್ಲದಿದ್ದರೆ ಏನು ಮಾಡಬೇಕು, ಸಿದ್ಧವಾದದ್ದನ್ನು ಎಲ್ಲಿ ಇಡಬೇಕು, ಇವೆಲ್ಲವನ್ನೂ ಬರೆದಿಟ್ಟಿರುವ ಭಾಗವೇ ಬಿಲ್ಡ್ ವ್ಯವಸ್ಥೆ. ಬಳಕೆದಾರರಿಗೆ ಅದು ಕಾಣುವುದಿಲ್ಲ. ಯೋಜನೆಯ ಒಳಗಿನವರಲ್ಲೂ ಹೆಚ್ಚಿನವರು ಅದರ ಕಡತಗಳನ್ನು ತೆರೆಯುವುದು ವಿಧಿಯಿಲ್ಲದೆ ಹೋದಾಗ ಮಾತ್ರ. ಮೂವತ್ತು ನಲವತ್ತು ವರ್ಷ ಬಾಳಿದ ಯೋಜನೆಗಳಲ್ಲಿ ಆ ಭಾಗವನ್ನು ಪೂರ್ತಿ ಬಲ್ಲವರು ಬೆರಳೆಣಿಕೆಯಷ್ಟೇ ಮಂದಿ ಇರುತ್ತಾರೆ.

ಇಂಥ ಯೋಜನೆಯೊಂದು ತನ್ನ ಬಿಲ್ಡ್ ವ್ಯವಸ್ಥೆಯನ್ನು ಬದಲಿಸಲು ಹೊರಟಾಗ ವೇಗವನ್ನು ಮುಂದೆ ಮಾಡುವುದು ವಾಡಿಕೆ. ಇಷ್ಟು ನಿಮಿಷ ಹಿಡಿಯುತ್ತಿದ್ದದ್ದು ಈಗ ಇಷ್ಟೇ ಸೆಕೆಂಡಿನಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಇಂಥ ಬದಲಾವಣೆಯನ್ನು ಅಳೆಯಬೇಕಾದದ್ದು ಬೇರೆಯ ಅಳತೆಗೋಲಿನಿಂದ ಎಂಬುದು ನನ್ನ ವಾದ. ಕಟ್ಟುವ ಕ್ರಮವನ್ನು ಓದಿ, ತಿಳಿದು, ಧೈರ್ಯವಾಗಿ ತಿದ್ದಬಲ್ಲವರ ಸಂಖ್ಯೆ ಹೆಚ್ಚಿತೇ ಎಂದು ಕೇಳಬೇಕು. ಭದ್ರತೆ, ಹೊಸಬರ ಪ್ರವೇಶ, ಯೋಜನೆಯ ಆಯುಷ್ಯ ಮೂರೂ ಈ ಪ್ರಶ್ನೆಗೆ ಅಂಟಿಕೊಂಡಿವೆ. ಇದಕ್ಕೆ ನಿದರ್ಶನವಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು ಆರಿಸಿಕೊಂಡಿದ್ದೇನೆ. 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಸಂಶೋಧನೆಯಾಗಿ ಹುಟ್ಟಿ, 1996ರಲ್ಲಿ ಈಗಿನ ಹೆಸರು ಪಡೆದು, ಅಂದಿನಿಂದ ಯಾವ ಒಂದು ಕಂಪನಿಯ ಸ್ವತ್ತೂ ಆಗದೆ ಸ್ವಯಂಸೇವಕರ ಸಮುದಾಯವೇ ನಡೆಸಿಕೊಂಡು ಬಂದ ಯೋಜನೆ ಇದು. ಮುಂದೆ ಇದನ್ನು ರೂಢಿಯಂತೆ ಪೋಸ್ಟ್‌ಗ್ರೆಸ್ ಎಂದೇ ಕರೆಯುತ್ತೇನೆ.

ಮೊದಲು ಹಳೆಯ ಸಾಧನಗಳಿಗೆ ಸಲ್ಲಬೇಕಾದ ಗೌರವ ಸಲ್ಲಬೇಕು. ಮೇಕ್ ಎಂಬ ಸಾಧನವನ್ನು ಬೆಲ್ ಲ್ಯಾಬ್ಸಿನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದರು. ಅದರ ಹಿಂದಿನ ವಿಚಾರ ಬಹಳ ಸರಳ. ಯಾವ ಕಡತ ಯಾವುದರಿಂದ ಹುಟ್ಟುತ್ತದೆ ಎಂದು ಹೇಳಿದರೆ, ಬದಲಾದದ್ದನ್ನು ಮಾತ್ರ ಮತ್ತೆ ಕಟ್ಟುವ ಕೆಲಸವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಐದು ದಶಕ ಕಳೆದರೂ ಆ ವಿಚಾರಕ್ಕೆ ಮುಪ್ಪು ಬಂದಿಲ್ಲ. ಮುಪ್ಪು ಬಂದಿರುವುದು ಅದರ ಬರವಣಿಗೆಗೆ. ಮೇಕ್‌ಫೈಲಿನಲ್ಲಿ ಆದೇಶದ ಸಾಲು ಟ್ಯಾಬ್ ಅಕ್ಷರದಿಂದಲೇ ಶುರುವಾಗಬೇಕು, ಅದರ ಬದಲು ಎಂಟು ಖಾಲಿ ಜಾಗ ಕೊಟ್ಟರೆ ನಡೆಯುವುದಿಲ್ಲ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಇದು ತೊಡಕು ಎಂದು ಫೆಲ್ಡ್‌ಮನ್ ಅವರಿಗೆ ಬೇಗನೆ ಹೊಳೆದಿತ್ತು. ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರು ಆಗಿದ್ದರು, ಅವರ ಕೆಲಸ ಕೆಡಿಸುವುದು ಬೇಡವೆಂದು ಸುಮ್ಮನಾದರು ಎಂಬ ಸಂಗತಿ ಯುನಿಕ್ಸ್ ಚರಿತ್ರೆಯಲ್ಲಿ ದಾಖಲಾಗಿದೆ. ಒಂದು ಡಜನ್ ಜನರ ಅನುಕೂಲಕ್ಕಾಗಿ ಉಳಿಸಿದ ನಿಯಮಕ್ಕೆ ಇಂದಿಗೂ ಲಕ್ಷಾಂತರ ಮಂದಿ ತಲೆಬಾಗುತ್ತಿದ್ದಾರೆ. ಬಿಲ್ಡ್ ವ್ಯವಸ್ಥೆಯಲ್ಲಿ ಸದ್ಯಕ್ಕೆಂದು ಮಾಡಿದ ತೀರ್ಮಾನವೂ ಶಾಶ್ವತವಾಗಿಬಿಡುವ ಸಂಭವ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಕಂಡಿಲ್ಲ.

ಆಟೋಕಾನ್ಫ್ ಬಂದದ್ದು 1991ರಲ್ಲಿ, ಡೇವಿಡ್ ಮೆಕೆಂಝಿ ಅವರಿಂದ. ಆ ಹೊತ್ತಿಗೆ ಒಂದೊಂದು ಕಂಪನಿಯೂ ತನ್ನದೇ ಯುನಿಕ್ಸ್ ಮಾರುತ್ತಿತ್ತು, ಒಂದರಲ್ಲಿದ್ದ ಫಂಕ್ಷನ್ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಯಂತ್ರದ ಹೆಸರು ಕೇಳಿ ಊಹೆ ಮಾಡುವುದಕ್ಕಿಂತ ಯಂತ್ರವನ್ನೇ ಪರೀಕ್ಷಿಸಿ ನೋಡುವುದು ಲೇಸು ಎಂಬುದು ಆಟೋಕಾನ್ಫಿನ ತಿರುಳು. ಐದಾರು ಸಾಲಿನ ಪುಟ್ಟ ಸಿ ಪ್ರೋಗ್ರಾಮೊಂದನ್ನು ಅಲ್ಲೇ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಆ ಸೌಲಭ್ಯ ಇದೆ ಎಂದು ಗುರುತು ಹಾಕಿಕೊಳ್ಳುತ್ತದೆ, ಆಗದಿದ್ದರೆ ಇಲ್ಲ ಎಂದುಕೊಂಡು ಮುಂದಕ್ಕೆ ಹೋಗುತ್ತದೆ. ಹೀಗೆ ನೂರಾರು ಪ್ರಶ್ನೆ. ಪರೀಕ್ಷಿಸುವ ಈ ಕಾನ್ಫಿಗರ್ ಸ್ಕ್ರಿಪ್ಟು ಯಾವ ಹಳೆಯ ಯಂತ್ರದಲ್ಲೂ ಓಡಬೇಕಾದ್ದರಿಂದ ಅದನ್ನು ಅತಿ ಹಳೆಯ ಶೆಲ್ ಭಾಷೆಯಲ್ಲಿ ಬರೆಯಬೇಕಾಯಿತು. ಕೈಯಲ್ಲಿ ಬರೆಯುವುದು ಅಸಾಧ್ಯವಾದ್ದರಿಂದ ಎಂ4 ಎಂಬ 1970ರ ದಶಕದ ಮ್ಯಾಕ್ರೊ ಭಾಷೆಯಿಂದ ಅದನ್ನು ಉತ್ಪಾದಿಸಬೇಕಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಮನುಷ್ಯರು ಬರೆಯುವ ಮೂಲ ಕಡತ ಎರಡು ಸಾವಿರ ಸಾಲು ದಾಟುತ್ತದೆ, ಅದರಿಂದ ಹೊರಬರುವ ಕಾನ್ಫಿಗರ್ ಸ್ಕ್ರಿಪ್ಟು ಹದಿನೈದು ಸಾವಿರವನ್ನೂ ಮೀರುತ್ತದೆ. ಆ ಎರಡನೆಯದನ್ನು ಯಾರೂ ಓದುವುದಿಲ್ಲ. ಓದಲೆಂದು ಅದನ್ನು ಬರೆದೂ ಇಲ್ಲ. ಆದರೆ ಯಂತ್ರದಲ್ಲಿ ಓಡುವುದು ಅದೇ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಪೋಸ್ಟ್‌ಗ್ರೆಸ್‌ನ ಸ್ಥಿತಿ ಇನ್ನೂ ಒಂದು ಸುತ್ತು ಜಟಿಲವಾಗಿತ್ತು. 2005ರ ಆರಂಭದಲ್ಲಿ ಹೊರಬಂದ 8.0 ಆವೃತ್ತಿಯಿಂದ ಅದು ವಿಂಡೋಸ್‌ನಲ್ಲಿಯೂ ಓಡತೊಡಗಿತು. ಮೈಕ್ರೊಸಾಫ್ಟಿನ ಕಂಪೈಲರ್ ಬಳಸುವವರಿಗೆ ಶೆಲ್ಲೂ ಇಲ್ಲ, ಮೇಕೂ ಇಲ್ಲ. ಅವರಿಗಾಗಿ ಪರ್ಲ್ ಭಾಷೆಯಲ್ಲಿ ಬೇರೆಯದೇ ಸ್ಕ್ರಿಪ್ಟುಗಳು ಹುಟ್ಟಿಕೊಂಡವು. ಆ ಸ್ಕ್ರಿಪ್ಟುಗಳು ಮಾಡುತ್ತಿದ್ದ ಕೆಲಸವನ್ನು ಹತ್ತಿರದಿಂದ ನೋಡಿ. ಮೇಕ್‌ಫೈಲುಗಳನ್ನು ಅವು ಬರಿಯ ಪಠ್ಯವೆಂಬಂತೆ ತೆರೆದು, ಓಬಿಜೆಎಸ್ ಎಂಬ ಪದ ಎಲ್ಲಿದೆ ಎಂದು ಹುಡುಕಿ, ಅದರ ಮುಂದಿನ ಕಡತಗಳ ಹೆಸರು ಹೆಕ್ಕಿ, ಅವುಗಳಿಂದ ವಿಷುವಲ್ ಸ್ಟುಡಿಯೊಗೆ ಬೇಕಾದ ಯೋಜನಾ ಕಡತಗಳನ್ನು ತಯಾರಿಸುತ್ತಿದ್ದವು. ಯಾರಾದರೂ ಮೇಕ್‌ಫೈಲಿನಲ್ಲಿ ಪೂರ್ತಿ ಸರಿಯಾದ, ಆದರೆ ರೂಢಿಗಿಂತ ಕೊಂಚ ಭಿನ್ನವಾದ ಸಾಲು ಬರೆದರೆ ಲಿನಕ್ಸ್‌ನಲ್ಲಿ ಎಲ್ಲವೂ ಸರಿ, ವಿಂಡೋಸ್‌ನಲ್ಲಿ ಬಿಲ್ಡ್ ಮುರಿದು ಬೀಳುತ್ತಿತ್ತು. ಬದಲಾವಣೆ ಮಾಡಿದವರ ಬಳಿ ಹೆಚ್ಚಾಗಿ ವಿಂಡೋಸ್ ಯಂತ್ರ ಇರುತ್ತಿರಲಿಲ್ಲ. ಮುರಿದ ಸುದ್ದಿ ಬರುತ್ತಿದ್ದದ್ದು ಬಿಲ್ಡ್ ಫಾರ್ಮ್‌ನಿಂದ. ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳಲ್ಲಿ ಪೋಸ್ಟ್‌ಗ್ರೆಸ್ಸನ್ನು ಮತ್ತೆ ಮತ್ತೆ ಕಟ್ಟಿ ಪರೀಕ್ಷಿಸಿ ಫಲಿತಾಂಶ ಕಳಿಸುವ ಜಾಲ ಅದು, ಒಂದೊಂದು ಯಂತ್ರಕ್ಕೂ ಒಂದೊಂದು ಪ್ರಾಣಿಯ ಹೆಸರು. ಈ ಜಾಲ ಇಲ್ಲದೆ ಹೋಗಿದ್ದರೆ ಮುಂದೆ ನಾನು ವಿವರಿಸುವ ಬದಲಾವಣೆಗೆ ಕೈಹಾಕುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಮತ್ತು ಅವರ ಸಂಗಡಿಗರು ಮೆಸಾನ್ ಎಂಬ ಹೊಸ ವ್ಯವಸ್ಥೆಯನ್ನು ಪೋಸ್ಟ್‌ಗ್ರೆಸ್ ಕೋಡಿಗೆ ಸೇರಿಸಿದರು. ಒಂದು ವರ್ಷದ ಬಳಿಕ, 2023ರ ಸೆಪ್ಟೆಂಬರಿನ 16ನೇ ಆವೃತ್ತಿಯಲ್ಲಿ ಅದು ಬಳಕೆದಾರರ ಕೈಸೇರಿತು. ಮೆಸಾನನ್ನು ರೂಪಿಸಿದವರು ಫಿನ್ಲೆಂಡಿನ ಯುಸ್ಸಿ ಪಕ್ಕನೆನ್. ಅದರ ಭಾಷೆಗೆ ಬೇಕೆಂದೇ ಬೇಲಿ ಹಾಕಲಾಗಿದೆ. ಬಳಸುವವರು ತಮ್ಮದೇ ಫಂಕ್ಷನ್ ಬರೆಯುವಂತಿಲ್ಲ, ಕೊನೆಯಿಲ್ಲದ ಲೂಪ್ ಬರೆಯುವಂತಿಲ್ಲ, ಕೋಶದಲ್ಲಿರುವ ಕಡತಗಳನ್ನೆಲ್ಲ ಒಂದೇ ಚಿಹ್ನೆಯಿಂದ ಬಾಚಿಕೊಳ್ಳುವಂತಿಲ್ಲ. ಪ್ರತಿಯೊಂದು ಕಡತದ ಹೆಸರನ್ನೂ ಬಿಡಿಸಿ ಬರೆಯಬೇಕು. ಮೊದಲ ನೋಟಕ್ಕೆ ಇದು ಕಟ್ಟುಪಾಡು ಎನ್ನಿಸುತ್ತದೆ. ಆದರೆ ಬರೆಯುವವನಿಗೆ ಹಾಕಿದ ಒಂದೊಂದು ಮಿತಿಯೂ ಓದುವವನಿಗೆ ಸಿಕ್ಕ ಭರವಸೆ. ಫಂಕ್ಷನ್ ಕಟ್ಟಿಕೊಳ್ಳಲು ಅವಕಾಶವೇ ಇಲ್ಲದ ಭಾಷೆಯಲ್ಲಿ ಒಂದು ಸಾಲಿನ ಅರ್ಥ ತಿಳಿಯಲು ಬೇರೆಲ್ಲೋ ಅಡಗಿದ ಮ್ಯಾಕ್ರೊ ಹುಡುಕಿಕೊಂಡು ಹೋಗಬೇಕಾಗಿಲ್ಲ. ಈ ವಿವರಣೆಯನ್ನು ಓದಿಕೊಂಡ ಮೆಸಾನ್, ನಿಜವಾಗಿ ಕಟ್ಟುವ ಕೆಲಸವನ್ನು ಸಾಮಾನ್ಯವಾಗಿ ನಿಂಜಾ ಎಂಬ ಪುಟ್ಟ ಸಾಧನಕ್ಕೆ ಒಪ್ಪಿಸುತ್ತದೆ. ಕ್ರೋಮ್ ಬ್ರೌಸರಿನ ಬೃಹತ್ ಕೋಡನ್ನು ಕಟ್ಟಲೆಂದು ಗೂಗಲ್‌ನಲ್ಲಿ ಇವಾನ್ ಮಾರ್ಟಿನ್ ಬರೆದದ್ದು ಅದು.

ವೇಗವೂ ಹೆಚ್ಚಿತೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಹಳೆಯ ಪದ್ಧತಿಯಲ್ಲಿ ಒಂದೊಂದು ಕೋಶದೊಳಗೂ ಬೇರೆ ಬೇರೆ ಮೇಕ್ ಪ್ರಕ್ರಿಯೆ ಇಳಿಯುತ್ತದೆ, ಇಡೀ ಯೋಜನೆಯ ಅವಲಂಬನೆಗಳ ಚಿತ್ರ ಯಾರೊಬ್ಬರ ಬಳಿಯೂ ಇರುವುದಿಲ್ಲ. ಈ ದೋಷವನ್ನು ಪೀಟರ್ ಮಿಲ್ಲರ್ 1990ರ ದಶಕದ ಕೊನೆಯಲ್ಲೇ ಪ್ರಬಂಧವೊಂದರಲ್ಲಿ ಬಿಡಿಸಿ ತೋರಿಸಿದ್ದರು. ನಿಂಜಾ ಪೂರ್ತಿ ಚಿತ್ರವನ್ನು ಒಟ್ಟಿಗೆ ನೋಡುವುದರಿಂದ ಯಂತ್ರದ ಎಲ್ಲ ಕೋರ್‌ಗಳಿಗೂ ಕೆಲಸ ಹಂಚಬಲ್ಲದು. ಮೆಸಾನ್ ಬಂದ ಮೇಲೆ ಪರೀಕ್ಷೆಗಳನ್ನೂ ಏಕಕಾಲಕ್ಕೆ ಓಡಿಸುವುದು ಸುಲಭವಾಯಿತು. ಇಷ್ಟಾದರೂ ವೇಗದ ವಾದ ಬೇಗ ಹಳಸುತ್ತದೆ ಎಂದೇ ಹೇಳುತ್ತೇನೆ. ಮುಂದಿನ ವರ್ಷ ಹೊಸ ಪ್ರೊಸೆಸರ್ ಬಂದರೆ ಹಳೆಯ ವ್ಯವಸ್ಥೆಯೂ ವೇಗ ಪಡೆಯುತ್ತದೆ. ಓದಲಾಗದ ಸ್ಕ್ರಿಪ್ಟು ಮಾತ್ರ ಯಾವ ಪ್ರೊಸೆಸರ್ ಬಂದರೂ ಓದಲಾಗದೆಯೇ ಉಳಿಯುತ್ತದೆ. ಅದರ ಬೆಲೆ ಏನೆಂಬುದು 2024ರಲ್ಲಿ ಜಗತ್ತಿಗೆ ಗೊತ್ತಾಯಿತು.

ಆ ವರ್ಷದ ಮಾರ್ಚ್ ಕೊನೆಯಲ್ಲಿ ಬೆಳಕಿಗೆ ಬಂದ ಎಕ್ಸ್‌ಝೆಡ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಎಕ್ಸ್‌ಝೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಲೈಬ್ರರಿ, ಬಹುತೇಕ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಇರುವಂಥದ್ದು. ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ಕೆಲಸ ಮಾಡಿ ವಿಶ್ವಾಸ ಗಳಿಸಿ ನಿರ್ವಾಹಕ ಸ್ಥಾನಕ್ಕೇರಿದ್ದ ವ್ಯಕ್ತಿಯೊಬ್ಬ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿದ್ದ. ಓಪನ್ ಎಸ್ಎಸ್ಎಚ್ ಮೂಲಕ ದೂರದ ಸರ್ವರುಗಳ ಒಳಹೊಕ್ಕು ಆದೇಶ ಓಡಿಸಲು ದಾರಿ ಮಾಡಿಕೊಡುವ ಹಿಂಬಾಗಿಲು ಅದು. ಸಿ ಭಾಷೆಯ ಮೂಲ ಕೋಡನ್ನು ಎಷ್ಟು ಓದಿದರೂ ಅದು ಸಿಗುವಂತಿರಲಿಲ್ಲ. ವಿಷದ ಕೋಡು ಪರೀಕ್ಷೆಗೆಂದು ಇಟ್ಟಿದ್ದ ಬೈನರಿ ಕಡತಗಳಲ್ಲಿ ಅವಿತಿತ್ತು. ಅದನ್ನು ಹೊರತೆಗೆದು ಲೈಬ್ರರಿಗೆ ಬೆಸೆಯುತ್ತಿದ್ದದ್ದು ಆಟೋಕಾನ್ಫಿನ ಒಂದು ಎಂ4 ಮ್ಯಾಕ್ರೊ ಕಡತ. ಆ ಕಡತ ಯೋಜನೆಯ ಕೋಡನ್ನು ಇಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಡತಗಳನ್ನು ಒಟ್ಟುಗೂಡಿಸಿ ತಯಾರಿಸಿದ ಟಾರ್‌ಬಾಲಿನಲ್ಲಿ ಮಾತ್ರ ಇತ್ತು. ಭಂಡಾರದಲ್ಲಿಲ್ಲದ ಎಂ4 ಕಡತಗಳೂ ಉತ್ಪಾದಿತ ಸ್ಕ್ರಿಪ್ಟುಗಳೂ ಟಾರ್‌ಬಾಲಿನಲ್ಲಿ ಇರುವುದು ಆ ಲೋಕದಲ್ಲಿ ವಾಡಿಕೆಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹತ್ತಾರು ಸಾವಿರ ಸಾಲುಗಳ ಉತ್ಪಾದಿತ ಶೆಲ್ಲಿನ ನಡುವೆ ಇನ್ನೂ ಕೆಲವು ಅರ್ಥವಾಗದ ಸಾಲುಗಳಿದ್ದರೆ ಅದನ್ನು ಯಾರು ತಾನೆ ಗಮನಿಸುತ್ತಾರೆ? ದಾಳಿಕೋರ ಅಡಗಲು ಬಿಲ್ಡ್ ವ್ಯವಸ್ಥೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಯೋಜನೆಯಲ್ಲಿ ಅತಿ ಕಡಿಮೆ ಕಣ್ಣುಗಳು ಬೀಳುವ ಜಾಗ ಅದೇ ಎಂದು ಅವನು ಸರಿಯಾಗಿಯೇ ಲೆಕ್ಕ ಹಾಕಿದ್ದ.

ಅದನ್ನು ಪತ್ತೆಹಚ್ಚಿದವರು ಅದೇ ಆಂಡ್ರೆಸ್ ಫ್ರಾಯ್ಂಡ್, ಪೋಸ್ಟ್‌ಗ್ರೆಸ್‌ಗೆ ಮೆಸಾನ್ ತಂದವರು. ಕಾರ್ಯಕ್ಷಮತೆಯ ಅಳತೆ ಮಾಡುತ್ತಿದ್ದಾಗ ಎಸ್ಎಸ್ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಬೇರಿನವರೆಗೂ ಅಗೆದರು. ಬಿಲ್ಡ್ ವ್ಯವಸ್ಥೆಯ ಒಳಹೊರಗನ್ನು ವರ್ಷಗಟ್ಟಲೆ ಜಾಲಾಡಿದ ಒಬ್ಬರಿಗೆ ಆ ಎಂ4 ಸಾಲುಗಳ ಜಾಡು ಹಿಡಿಯುವ ಕಣ್ಣು ಇತ್ತೆಂಬುದನ್ನು ನಾನು ಬಹಳ ಮುಖ್ಯವಾದ ಸಂಗತಿ ಎಂದು ಎಣಿಸುತ್ತೇನೆ. ಅಂಥ ಕಣ್ಣುಳ್ಳವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು? ಅವರ ಸಂಖ್ಯೆಯನ್ನು ಹೆಚ್ಚಿಸಬೇಕಾದರೆ ಎಲ್ಲರಿಗೂ ಎಂ4 ಕಲಿಸುವುದು ದಾರಿಯಲ್ಲ. ಎಂ4 ಬಾರದವರಿಗೂ ತಿಳಿಯುವಂತೆ ಕಟ್ಟುವ ಕ್ರಮವನ್ನು ಬರೆದಿಡಬೇಕು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ, ಅದನ್ನು ಮರೆಮಾಚುವುದು ತರವಲ್ಲ. ಅದೇ ಎಕ್ಸ್‌ಝೆಡ್ ಯೋಜನೆಯಲ್ಲಿ ಆಟೋಕಾನ್ಫ್ ಜೊತೆಗೆ ಸಿಮೇಕ್ ಎಂಬ, ಹೋಲಿಕೆಯಲ್ಲಿ ಹೊಸದಾದ ವ್ಯವಸ್ಥೆಯೂ ಇತ್ತು. ಅದರಲ್ಲಿಯೂ ಒಂದು ಕೈಚಳಕ ನಡೆದಿತ್ತು. ಲಿನಕ್ಸ್ ಕರ್ನೆಲ್ಲಿನ ಲ್ಯಾಂಡ್‌ಲಾಕ್ ಎಂಬ ರಕ್ಷಣಾ ಸೌಲಭ್ಯ ಇದೆಯೇ ಎಂದು ಪರೀಕ್ಷಿಸುವ ಪುಟ್ಟ ಸಿ ಪ್ರೋಗ್ರಾಮಿನ ನಡುವೆ, ಒಂದು ಸಾಲಿನಲ್ಲಿ ಒಂಟಿಯಾಗಿ, ಒಂದು ಚುಕ್ಕಿ. ಆ ಚುಕ್ಕಿಯಿಂದಾಗಿ ಪ್ರೋಗ್ರಾಮು ಎಂದೂ ಕಂಪೈಲ್ ಆಗುತ್ತಿರಲಿಲ್ಲ. ಸೌಲಭ್ಯ ಇಲ್ಲವೆಂದು ವ್ಯವಸ್ಥೆ ತೀರ್ಮಾನಿಸಿ ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಹಾಗಿದ್ದ ಮೇಲೆ ಹೊಸ ಸಾಧನ ತಂದು ಏನು ಲಾಭ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಹೀಗಿದೆ. ಹೊಸ ಸಾಧನ ತಾನಾಗಿ ಯಾರನ್ನೂ ಕಾಪಾಡುವುದಿಲ್ಲ. ಆಟೋಕಾನ್ಫಿನಿಂದ ಬಂದ ಒಂದು ಅಭ್ಯಾಸ, ಅಂದರೆ ಪರೀಕ್ಷೆ ಸೋತರೆ ಕಾರಣ ಕೇಳದೆ ಸೌಲಭ್ಯವನ್ನೇ ಕೈಬಿಡುವುದು, ಸಿಮೇಕ್‌ಗೂ ಹಾಗೆಯೇ ಸಾಗಿ ಬಂದಿತ್ತು. ಸಾಧನ ಬದಲಿಸಿ ಅಭ್ಯಾಸ ಬದಲಿಸದಿದ್ದರೆ ನವೀಕರಣ ಅರ್ಧದಲ್ಲಿ ನಿಂತಂತೆ. ಆದರೂ ಎರಡು ಪ್ರಸಂಗಗಳ ವ್ಯತ್ಯಾಸ ನೋಡಿ. ಚುಕ್ಕಿ ಇದ್ದದ್ದು ಮನುಷ್ಯರು ಬರೆದ, ಭಂಡಾರದಲ್ಲೇ ಇದ್ದ ಕಡತದಲ್ಲಿ. ಒಮ್ಮೆ ಅನುಮಾನ ಹುಟ್ಟಿದ ಮೇಲೆ ಅದನ್ನು ಹುಡುಕಿ ತೋರಿಸುವುದು, ಒಂದೇ ಸಾಲು ತಿದ್ದಿ ಸರಿಪಡಿಸುವುದು ಸಾಧ್ಯವಾಯಿತು. ಎಂ4 ಮೂಲಕ ಹರಿದದ್ದನ್ನು ಪದರ ಪದರವಾಗಿ ಬಿಡಿಸಲು ಹಲವು ತಜ್ಞರು ದಿನಗಟ್ಟಲೆ ಕೂರಬೇಕಾಯಿತು.

ಪೋಸ್ಟ್‌ಗ್ರೆಸ್ ಬಳಗ ಬಿಡುಗಡೆಯ ಕಡತಗಳ ವಿಷಯದಲ್ಲಿ ಈ ಪ್ರಕರಣಕ್ಕಿಂತ ಮೊದಲೇ ಎಚ್ಚೆತ್ತಿತ್ತು ಎಂಬುದು ಗಮನಾರ್ಹ. ಹಿಂದೆಲ್ಲ ಅದರ ಟಾರ್‌ಬಾಲಿನಲ್ಲಿ ಬೈಸನ್, ಫ್ಲೆಕ್ಸ್, ಪರ್ಲ್ ಸಾಧನಗಳು ಉತ್ಪಾದಿಸಿದ ಕಡತಗಳನ್ನು ಮೊದಲೇ ತುಂಬಿ ಕೊಡುತ್ತಿದ್ದರು. ಆ ಸಾಧನಗಳು ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಅದು ಉಪಕಾರವೇ ಆಗಿತ್ತು. 2023ರ ನವೆಂಬರಿನಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಎರಡು ಕಾರಣ ಮುಂದಿಟ್ಟರು. ಭಂಡಾರದಿಂದ ಕಟ್ಟುವುದು ಮತ್ತು ಟಾರ್‌ಬಾಲಿನಿಂದ ಕಟ್ಟುವುದು ಎಂಬ ಎರಡು ದಾರಿಗಳನ್ನು ಕಾಯುವುದು ಹೊಸ ವ್ಯವಸ್ಥೆಯಲ್ಲಿ ಕಷ್ಟ ಎಂಬುದು ಒಂದು. ಭಂಡಾರಕ್ಕೂ ಟಾರ್‌ಬಾಲಿಗೂ ನಡುವೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಕಾಣದೆ ಹೋಗುತ್ತದೆ ಎಂಬುದು ಇನ್ನೊಂದು. ನಾಲ್ಕೇ ತಿಂಗಳಲ್ಲಿ ಎಕ್ಸ್‌ಝೆಡ್ ದಾಳಿ ಬಯಲಾದಾಗ ಅದು ಬಳಸಿಕೊಂಡಿದ್ದದ್ದು ಇದೇ ಸಂದನ್ನು. 17ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಟಾರ್‌ಬಾಲು ಭಂಡಾರದ ನಕಲು ಮಾತ್ರ, ಗಿಟ್ ಆದೇಶವೊಂದರಿಂದಲೇ ಸಿದ್ಧವಾಗುವಂಥದ್ದು. ಯಾರು ಬೇಕಾದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಮೆಸಾನ್ ತರುವ ಒತ್ತಾಯ ಇಲ್ಲದಿದ್ದರೆ ಈ ಹಳೆಯ ಪದ್ಧತಿಯನ್ನು ಪ್ರಶ್ನಿಸುವ ಸಂದರ್ಭ ಇಷ್ಟು ಬೇಗ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಅನುಭವಿಗಳಿಂದ ಬರುವ ಆಕ್ಷೇಪಗಳು. ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂಬುದು ಮೊದಲನೆಯದು. ನಡೆಯುತ್ತಿದೆ ಎಂಬುದನ್ನೇ ಪರೀಕ್ಷಿಸಬೇಕು ಎನ್ನುತ್ತೇನೆ. ಆಟೋಕಾನ್ಫ್ 2.69 ಬಂದದ್ದು 2012ರಲ್ಲಿ, ಅದರ ಮುಂದಿನ 2.70 ಬಂದದ್ದು 2020ರ ಡಿಸೆಂಬರಿನಲ್ಲಿ. ನಡುವಿನ ಎಂಟು ವರ್ಷ, ಜಗತ್ತಿನ ಅಸಂಖ್ಯ ಯೋಜನೆಗಳ ತಳದಲ್ಲಿರುವ ಸಾಧನಕ್ಕೆ ಹೊಸ ಆವೃತ್ತಿಯೇ ಇರಲಿಲ್ಲ. ಪೋಸ್ಟ್‌ಗ್ರೆಸ್ ತನ್ನ ಕಾನ್ಫಿಗರ್ ಸ್ಕ್ರಿಪ್ಟನ್ನು ಮರುಸೃಷ್ಟಿಸಲು ಕರಾರುವಾಕ್ಕಾಗಿ 2.69 ಆವೃತ್ತಿಯೇ ಬೇಕೆಂದು ವರ್ಷಗಟ್ಟಲೆ ಪಟ್ಟು ಹಿಡಿದಿತ್ತು, ಬೇರೆಯದನ್ನು ಬಳಸಿದರೆ ಸಂಬಂಧವಿಲ್ಲದ ನೂರಾರು ಸಾಲುಗಳು ಬದಲಾಗುತ್ತಿದ್ದವು. ಮುಟ್ಟದೆ ಬಿಟ್ಟದ್ದು ಇದ್ದಲ್ಲೇ ಇರುವುದಿಲ್ಲ, ಸುತ್ತಲಿನ ಲೋಕ ಚಲಿಸಿದಷ್ಟೂ ಅದು ಹಿಂದೆ ಬೀಳುತ್ತದೆ. ಪೈಥಾನ್ ಲೋಕದಲ್ಲಿ ಇದೇ ಆಯಿತು. ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಬಿಲ್ಡ್ ಸಾಧನವನ್ನು 2023ರ 3.12 ಆವೃತ್ತಿಯಲ್ಲಿ ಪೈಥಾನಿನಿಂದಲೇ ತೆಗೆದುಹಾಕಿದರು. ಅದನ್ನು ನಂಬಿದ್ದ ಸೈಪೈ ಲೈಬ್ರರಿ 2022ರಲ್ಲಿ, ನಂಪೈ ಲೈಬ್ರರಿ 2023ರಲ್ಲಿ ಮೆಸಾನಿಗೆ ಬಂದವು. ಮುಂಚಿತವಾಗಿ ಘೋಷಿಸಿದ್ದರಿಂದ ಅವುಗಳಿಗೆ ಸಮಯ ಸಿಕ್ಕಿತು ಎಂಬುದನ್ನೂ ಹೇಳಬೇಕು.

ಹಳೆಯ ವೇದಿಕೆಗಳು ಕೈತಪ್ಪಿಹೋಗುತ್ತವೆ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಮೆಸಾನಿಗೆ ಪೈಥಾನ್ ಬೇಕು. ಶೆಲ್ ಮತ್ತು ಮೇಕ್ ಇದ್ದರೆ ಸಾಕಾಗುತ್ತಿದ್ದ ಯಂತ್ರದಲ್ಲಿ ಈಗ ಪೈಥಾನೂ ಓಡಬೇಕು. ಒಂದು ಕಂಪೈಲರನ್ನು ಇನ್ನೊಂದರಿಂದ ಕಟ್ಟುತ್ತಾ ಬುಡದಿಂದ ಇಡೀ ವ್ಯವಸ್ಥೆಯನ್ನು ಮರಳಿ ಎಬ್ಬಿಸಲು ಯತ್ನಿಸುವವರಿಗೆ ಇದು ನಿಜವಾದ ಹೊರೆ. ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಕಂಪೈಲರಿನ ಮೇಲೆ ನಾವಿಡುವ ನಂಬಿಕೆ ಎಷ್ಟು ದುರ್ಬಲವೆಂದು ತೋರಿಸಿದ್ದರು. ಸರಪಳಿಗೆ ಸೇರುವ ಪ್ರತಿ ಹೊಸ ಕೊಂಡಿಯೂ ಆ ಪ್ರಶ್ನೆಯನ್ನು ಮತ್ತೆ ಎತ್ತುತ್ತದೆ. ಈ ನಷ್ಟವನ್ನು ನಾನು ಒಪ್ಪುತ್ತೇನೆ. ಲಾಭನಷ್ಟಗಳನ್ನು ತೂಗಿದಾಗ ಮಾತ್ರ ಓದುವಿಕೆಯ ಕಡೆಗೇ ತಕ್ಕಡಿ ವಾಲುತ್ತದೆ ಎಂದು ನನ್ನ ನಿರ್ಣಯ. ಆಟೋಕಾನ್ಫ್ ಹುಟ್ಟಿದಾಗ ಇದ್ದ ಹತ್ತಾರು ಯುನಿಕ್ಸುಗಳಲ್ಲಿ ಹೆಚ್ಚಿನವು ಇಂದಿಲ್ಲ. ಪೋಸ್ಟ್‌ಗ್ರೆಸ್ ತಾನೇ 17ನೇ ಆವೃತ್ತಿಯಲ್ಲಿ ಐಬಿಎಂನ ಎಐಎಕ್ಸ್ ಬೆಂಬಲವನ್ನು ತೆಗೆಯಿತು. ಸತ್ತುಹೋದ ಯಂತ್ರಗಳಿಗಾಗಿ ಕೇಳುವ ನೂರಾರು ಪ್ರಶ್ನೆಗಳನ್ನು ಇಂದಿನ ಓದುಗರ ಮೇಲೆ ಹೇರುವುದು ಸರಿಯಲ್ಲ.

ಮೆಸಾನೂ ಒಂದು ದಿನ ಹಳತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಆಗುತ್ತದೆ. ಪೋಸ್ಟ್‌ಗ್ರೆಸ್‌ನ ಮುಖ್ಯ ಮೆಸಾನ್ ಕಡತವೇ ಈಗ ಮೂರು ಸಾವಿರ ಸಾಲು ದಾಟಿದೆ, ಅದನ್ನು ಚಿಕ್ಕದೆಂದು ಯಾರೂ ಹೇಳಲಾರರು. ಆದರೆ ಕಡತಗಳ ಪಟ್ಟಿ ಮತ್ತು ಅವಲಂಬನೆಗಳ ವಿವರಣೆಯಾಗಿ ಬರೆದದ್ದನ್ನು ಮುಂದಿನ ಸಾಧನಕ್ಕೆ ಯಂತ್ರದಿಂದಲೇ ಪರಿವರ್ತಿಸಬಹುದು. ಶೆಲ್ ಪ್ರೋಗ್ರಾಮಾಗಿ ಬರೆದದ್ದರ ಆಶಯವನ್ನು ಮೊದಲು ಮನುಷ್ಯರೇ ಊಹಿಸಬೇಕಾಗುತ್ತದೆ.

ಬದಲಾಯಿಸುವ ಬಗೆ ಯಾವುದು ಎಂಬಲ್ಲಿ ಹಿಂದಿನ ಸೋಲುಗಳೂ ಪಾಠ ಹೇಳುತ್ತವೆ. ಲಿನಕ್ಸ್ ಕರ್ನೆಲ್ಲಿನ ಕಾನ್ಫಿಗರೇಶನ್ ಭಾಷೆಯನ್ನು ಬದಲಿಸಲು 2000ದ ಸುಮಾರಿಗೆ ಎರಿಕ್ ರೇಮಂಡ್ ಸಿಎಂಎಲ್2 ಎಂಬ ಹೊಸ ವ್ಯವಸ್ಥೆ ಬರೆದರು. ಅದು ಸಮರ್ಥವಾಗಿಯೇ ಇತ್ತು. ಆದರೆ ಪೈಥಾನನ್ನು ಬಯಸುತ್ತಿತ್ತು, ಎಲ್ಲವನ್ನೂ ಒಂದೇ ಸಲ ಬದಲಿಸಲು ಕೇಳುತ್ತಿತ್ತು. ಕರ್ನೆಲ್ ಬಳಗ ಒಪ್ಪಲಿಲ್ಲ. 2002ರ ಅಕ್ಟೋಬರಿನಲ್ಲಿ ಸ್ವೀಕಾರವಾದದ್ದು ರೋಮನ್ ಝಿಪ್ಪೆಲ್ ಅವರ ಕೆಕಾನ್ಫಿಗ್, ಹಳೆಯ ಕಡತಗಳನ್ನು ಹೊಸ ರೂಪಕ್ಕೆ ತಾನೇ ಪರಿವರ್ತಿಸುವ ಸಾಧನದ ಜೊತೆಗೆ ಬಂದದ್ದು. ಇಂದಿಗೂ ಅದೇ ನಡೆಯುತ್ತಿದೆ. ಇನ್ನೊಂದು ಬದಿಗೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ ಇದೆ. ಅದು ಆಟೋಕಾನ್ಫ್ ಮತ್ತು ಸಿಮೇಕ್ ಎರಡನ್ನೂ ವರ್ಷಗಳ ಕಾಲ ಜೊತೆಯಲ್ಲಿ ನಡೆಸಿ, 2016ರಲ್ಲಿ ಹಳೆಯದನ್ನು ತೆಗೆಯಿತು. ಜನ ವಾಸವಿರುವ ಹಳೆಯ ಮನೆಗೆ ಹೊಸ ವೈರಿಂಗ್ ಹಾಕುವಾಗ ಹೊಸ ಲೈನ್ ಹೊತ್ತಿದ ಮೇಲಷ್ಟೇ ಹಳೆಯ ಫ್ಯೂಸ್ ಕೀಳುವುದು ಕಸುಬು ಬಲ್ಲವರ ಕ್ರಮ. ಪೋಸ್ಟ್‌ಗ್ರೆಸ್ ನಡೆದದ್ದೂ ಹಾಗೆಯೇ. ಎಲ್ಲಕ್ಕಿಂತ ದುರ್ಬಲವಾಗಿದ್ದ ವಿಂಡೋಸ್ ಪರ್ಲ್ ಸ್ಕ್ರಿಪ್ಟುಗಳ ಜಾಗವನ್ನು ಮೆಸಾನ್ ಪೂರ್ತಿಯಾಗಿ ತುಂಬಿದ ಮೇಲೆ ಅವನ್ನು 17ನೇ ಆವೃತ್ತಿಯಲ್ಲಿ ತೆಗೆದರು, ಆಟೋಕಾನ್ಫ್ ಮತ್ತು ಮೇಕ್ ಅನ್ನು ಉಳಿಸಿಕೊಂಡರು. ಎರಡನ್ನು ಕಾಯುವುದು ದುಬಾರಿ. ಹೊಸ ಸಿ ಕಡತವೊಂದನ್ನು ಸೇರಿಸುವವರು ಮೇಕ್‌ಫೈಲಿನ ಪಟ್ಟಿಯಲ್ಲಿ ಒಮ್ಮೆ, ಮೆಸಾನ್ ಪಟ್ಟಿಯಲ್ಲಿ ಇನ್ನೊಮ್ಮೆ ಹೆಸರು ಬರೆಯಬೇಕು. ಮರೆತರೆ ಒಂದರಲ್ಲಿ ಬಿಲ್ಡ್ ಮುರಿಯುತ್ತದೆ. ಆದರೂ ಮೂರಿದ್ದ ಕಡೆ ಎರಡಾಗಿವೆ, ಎರಡನ್ನೂ ಯಾವ ಡೆವಲಪರ್ ಬೇಕಾದರೂ ತನ್ನ ಯಂತ್ರದಲ್ಲೇ ಪರೀಕ್ಷಿಸಬಹುದು.

ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಈ ಚರ್ಚೆ ದೂರದ್ದೆಂದು ಅನ್ನಿಸಬಾರದು. ಕನ್ನಡದ ಒತ್ತಕ್ಷರಗಳನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಜೋಡಿಸಿಕೊಡುವ ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿಯೂ ಮೆಸಾನನ್ನೇ ಬಳಸುತ್ತದೆ. ಅರ್ಕಾವೊತ್ತು ತಪ್ಪು ಜಾಗದಲ್ಲಿ ಕೂತಿದ್ದನ್ನು ಕಂಡ ಕನ್ನಡಿಗರೊಬ್ಬರು ಅದನ್ನು ತಾವೇ ತಿದ್ದಲು ಹೊರಟರೆ, ಮೊದಲು ಆ ಲೈಬ್ರರಿಯನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಕಟ್ಟಬೇಕು. ಆ ಮೊದಲ ಸಂಜೆಯೇ ಅರ್ಥವಾಗದ ದೋಷ ಸಂದೇಶಗಳಲ್ಲಿ ಕಳೆದುಹೋದರೆ ಅವರು ಮರಳಿ ಬರುವುದಿಲ್ಲ. ಲಿಪಿಯನ್ನು ಬಲ್ಲವರು ಹೊರಗುಳಿದು, ಬಿಲ್ಡ್ ಬಲ್ಲವರು ಮಾತ್ರ ಒಳಗಿರುವ ಯೋಜನೆ ಕನ್ನಡಕ್ಕೆ ಒಳಿತು ಮಾಡಲಾರದು.

ಪೋಸ್ಟ್‌ಗ್ರೆಸ್‌ನಲ್ಲಿ ಉಳಿದಿರುವ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ವಿಸ್ತರಣೆಗಳದ್ದು. ಭೂಪಟ ದತ್ತಾಂಶಕ್ಕಾಗಿ ಬಳಸುವ ಪೋಸ್ಟ್‌ಜಿಐಎಸ್‌ನಿಂದ ಹಿಡಿದು ಯಾರೋ ಒಬ್ಬರು ಬರೆದ ಒಂದೇ ಕಡತದ ವಿಸ್ತರಣೆಯವರೆಗೆ, ಹೊರಗಿನವರು ಬೆಳೆಸುವ ಅಸಂಖ್ಯ ಯೋಜನೆಗಳು ಪಿಜಿಎಕ್ಸ್‌ಎಸ್ ಎಂಬ ಮೇಕ್ ಆಧಾರಿತ ಚೌಕಟ್ಟಿನ ಮೇಲೆ ನಿಂತಿವೆ. ಪೋಸ್ಟ್‌ಗ್ರೆಸ್ ಕಟ್ಟಿದಾಗ ಯಾವ ಕಂಪೈಲರ್, ಯಾವ ಆಯ್ಕೆಗಳು ಬಳಕೆಯಾದವು ಎಂಬುದನ್ನು ಒಂದು ಮೇಕ್ ಕಡತದಿಂದ ಅವು ತಿಳಿದುಕೊಳ್ಳುತ್ತವೆ. ಆದ್ದರಿಂದ ಮೆಸಾನ್‌ನಲ್ಲಿ ಕಟ್ಟಿದಾಗಲೂ ಆ ಹಳೆಯ ಮೇಕ್ ಕಡತವನ್ನು ಹಾಗೆಯೇ ಉತ್ಪಾದಿಸಿ ಕೊಡುವ ವ್ಯವಸ್ಥೆಯನ್ನು 2022ರಲ್ಲೇ ಸೇರಿಸಿದರು. ಇದರಿಂದ ಹಲವು ವಿಸ್ತರಣೆಗಳನ್ನು ಬದಲಿಸದೆಯೇ ಕಟ್ಟಲು ಸಾಧ್ಯವಾಯಿತು. ಈ ಸೇತುವೆಯ ಮೇಲೆ ಎಷ್ಟು ಕಾಲ ನಡೆಯಬೇಕು, ವಿಸ್ತರಣೆ ಬರೆಯುವವರಿಗೆ ಮೇಕ್ ಇಲ್ಲದ ದಾರಿ ಯಾವುದು ಎಂಬುದನ್ನು ಮೊದಲು ತೀರ್ಮಾನಿಸಿ, ಅವರಿಗೆ ಒಂದೆರಡು ಆವೃತ್ತಿಗಳಷ್ಟು ಕಾಲಾವಕಾಶ ಕೊಟ್ಟ ಮೇಲೆಯೇ ಆಟೋಕಾನ್ಫನ್ನು ತೆಗೆಯುವ ದಿನಾಂಕ ಗೊತ್ತುಮಾಡಬೇಕು. ಪೋಸ್ಟ್‌ಗ್ರೆಸ್ ವರ್ಷಕ್ಕೊಂದು ಪ್ರಮುಖ ಆವೃತ್ತಿ ಹೊರತಂದು, ಒಂದೊಂದನ್ನೂ ಐದು ವರ್ಷ ಪೋಷಿಸುತ್ತದೆ. ಹಾಗಾಗಿ ಆಟೋಕಾನ್ಫನ್ನು ಮುಖ್ಯ ಶಾಖೆಯಿಂದ ತೆಗೆದ ಮೇಲೂ ಹಳೆಯ ಶಾಖೆಗಳಲ್ಲಿ ಐದು ವರ್ಷ ಅದನ್ನು ಬಲ್ಲವರು ಬೇಕಾಗುತ್ತಾರೆ. ಅವರು ಯಾರು ಎಂಬುದನ್ನೂ ಆ ದಿನಾಂಕದ ಜೊತೆಯಲ್ಲೇ ಬರೆದಿಡಬೇಕು.